ಕ್ಲೇ ಬ್ಲಾಕೋ, ಕಾಂಕ್ರೀಟ್ ಬ್ಲಾಕೋ: ಗೋಡೆಯ ಖರ್ಚನ್ನು ಅಳೆಯುವ ಕ್ರಮ

ಮನೆ ಕಟ್ಟಲು ಹೊರಟವರು ಗೋಡೆಯ ವಿಚಾರಕ್ಕೆ ಬಂದಾಗ ಮೊದಲು ಕೇಳುವುದು ಒಂದು ಬ್ಲಾಕಿನ ಬೆಲೆಯನ್ನು. ಆ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಕಾಂಕ್ರೀಟ್ ಬ್ಲಾಕ್ ಯಾವಾಗಲೂ ಗೆಲ್ಲುತ್ತದೆ, ಏಕೆಂದರೆ ಬಿಡಿ ಬೆಲೆಯಲ್ಲಿ ಅದು ಅಗ್ಗ. ಸುಟ್ಟ ಜೇಡಿಮಣ್ಣಿನ ಕ್ಲೇ ಬ್ಲಾಕ್ ಮಾರುವವರು ಬ್ಲಾಕ್ ಹಗುರವಾದ್ದರಿಂದ ಕಾಂಕ್ರೀಟಿಗೆ ಹಾಕುವ ಉಕ್ಕಿನ ಕಂಬಿ ಉಳಿಯುತ್ತದೆ, ಮನೆ ತಂಪಾಗಿರುತ್ತದೆ, ಕೊನೆಗೆ ಇದೇ ಲಾಭ ಎಂದು ವಾದಿಸುತ್ತಾರೆ. ಎರಡೂ ಮಾತುಗಳಲ್ಲಿ ಸತ್ಯವಿದೆ, ಆದರೆ ಎರಡೂ ಅರ್ಧ ಸತ್ಯಗಳು. ಹೋಲಿಸಬೇಕಾದದ್ದು ಬ್ಲಾಕಿನ ಬೆಲೆಯನ್ನಲ್ಲ, ಪ್ಲಾಸ್ಟರ್ ಆಗಿ ನಿಂತ ಗೋಡೆಯ ಬೆಲೆಯನ್ನು; ಜೊತೆಗೆ ಆ ಗೋಡೆಯನ್ನು ಹೊರುವ ಬೀಮು, ಕಾಲಂ, ಕಾಲಂನ ಬುಡದ ಫುಟಿಂಗ್‌ಗಳ ಬೆಲೆಯನ್ನು. ಈ ಹೋಲಿಕೆಯನ್ನು ಸ್ಟ್ರಕ್ಚರಲ್ ಇಂಜಿನಿಯರ್ ನಕ್ಷೆ ಮುಗಿಸುವ ಮೊದಲೇ ಮಾಡಬೇಕು. ಅಡಿಪಾಯ ಎದ್ದ ಮೇಲೆ ಹಗುರ ಬ್ಲಾಕ್ ಆರಿಸಿದರೆ ಕಂಬಿಯ ಉಳಿತಾಯವೆಂಬುದು ಮಾತಿನಲ್ಲಿ ಮಾತ್ರ ಉಳಿಯುತ್ತದೆ, ಏಕೆಂದರೆ ಭಾರದ ಗೋಡೆಗೆ ಬೇಕಾದಷ್ಟು ಕಂಬಿ ಆಗಲೇ ನೆಲದೊಳಗೆ ಹೋಗಿರುತ್ತದೆ.

ಇಲ್ಲಿ ಹೋಲಿಸುತ್ತಿರುವುದು ಕರ್ನಾಟಕದ ನಿವೇಶನಗಳಲ್ಲಿ ಹೆಚ್ಚಾಗಿ ಕಾಣುವ ಎರಡು ಬಗೆಗಳನ್ನು. ಒಂದು, ಸಿಮೆಂಟ್, ಜಲ್ಲಿ, ಎಂ-ಸ್ಯಾಂಡ್ (ಕಲ್ಲನ್ನು ಪುಡಿಮಾಡಿ ತಯಾರಿಸಿದ ಮರಳು) ಸೇರಿಸಿ ಯಂತ್ರದಲ್ಲಿ ಒತ್ತಿದ ಸಾಲಿಡ್ ಕಾಂಕ್ರೀಟ್ ಬ್ಲಾಕ್. ಇದನ್ನು ಪ್ರತಿ ತಾಲ್ಲೂಕಿನಲ್ಲೂ ಸಣ್ಣ ಘಟಕಗಳು ತಯಾರಿಸುತ್ತವೆ. ಇನ್ನೊಂದು, ಜೇಡಿಮಣ್ಣನ್ನು ಅಚ್ಚಿನಿಂದ ಎಳೆದು, ಉದ್ದಕ್ಕೂ ರಂಧ್ರ ಬಿಟ್ಟು, ಗೂಡಿನಲ್ಲಿ ಸುಟ್ಟ ಟೊಳ್ಳು ಬ್ಲಾಕ್. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭಿಸಿದ ನಂತರ ಬೆಳೆದ ಹೆಂಚಿನ ಉದ್ಯಮದಲ್ಲಿ ಟೊಳ್ಳು ಮಣ್ಣಿನ ಬ್ಲಾಕುಗಳೂ ತಯಾರಾದವು. ಈಗ ದೊಡ್ಡ ಪ್ರಮಾಣದಲ್ಲಿ ಬರುತ್ತಿರುವುದು ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಆಸ್ಟ್ರಿಯಾ ಮೂಲದ ವೀನರ್‌ಬರ್ಗರ್ ಕಂಪನಿ ತಯಾರಿಸುವ ಪೊರೋಥರ್ಮ್ ಬ್ಲಾಕ್. ಕಾಂಕ್ರೀಟ್ ಬ್ಲಾಕಿಗೆ ಭಾರತೀಯ ಮಾನಕ ಐಎಸ್ 2185ರ ಮೊದಲ ಭಾಗ, ಟೊಳ್ಳು ಮಣ್ಣಿನ ಬ್ಲಾಕಿಗೆ ಐಎಸ್ 3952 ಅನ್ವಯಿಸುತ್ತವೆ. ಎರಡೂ ಸಾಮಾನ್ಯವಾಗಿ 400 ಮಿಮೀ ಉದ್ದ, 200 ಮಿಮೀ ಎತ್ತರ ಇರುತ್ತವೆ. ದಪ್ಪ ಮಾತ್ರ 100, 150 ಅಥವಾ 200 ಮಿಮೀ, ಅಂದರೆ ಮೇಸ್ತ್ರಿಗಳ ಬಾಯಲ್ಲಿ ನಾಲ್ಕಿಂಚು, ಆರಿಂಚು, ಎಂಟಿಂಚು.

ಮನೆಯ ಭಾರವನ್ನು ಹೊರುವುದು ಯಾವುದು?

ಬೆಲೆಗೂ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಇದು. ಕಾಲಂ, ಬೀಮುಗಳ ಚೌಕಟ್ಟು ಇಲ್ಲದೆ, ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ಭಾರವನ್ನು ಗೋಡೆಗಳೇ ಹೊರುವಂತೆ ಕಟ್ಟುವುದಾದರೆ ಅಡ್ಡ ರಂಧ್ರದ, ಅಂದರೆ ರಂಧ್ರಗಳು ನೆಲಕ್ಕೆ ಸಮಾನಾಂತರವಾಗಿರುವ ಕ್ಲೇ ಬ್ಲಾಕನ್ನು ಬಳಸುವಂತಿಲ್ಲ. ಐಎಸ್ 3952 ಇಂಥ ಬ್ಲಾಕಿಗೆ ಕೇಳುವ ಕನಿಷ್ಠ ಒತ್ತುಬಲ ಪ್ರತಿ ಚದರ ಮಿಮೀಗೆ 3.5 ನ್ಯೂಟನ್. ಅದು ಚೌಕಟ್ಟಿನ ನಡುವಿನ ಜಾಗವನ್ನು ತುಂಬುವ ಗೋಡೆಗೆ ಸಾಕು, ಮಹಡಿ ಹೊರಲು ಸಾಲದು. ಲಂಬ ರಂಧ್ರದ, ಭಾರ ಹೊರುವ ಮಣ್ಣಿನ ಬ್ಲಾಕುಗಳು ಇವೆ. ಆದರೆ ಅಂಗಡಿಯಲ್ಲಿ ಸುಮ್ಮನೆ ‘ಕ್ಲೇ ಬ್ಲಾಕ್’ ಎಂದು ಕೇಳಿದರೆ ಸಿಗುವುದು ಬಹುಪಾಲು ಅಡ್ಡ ರಂಧ್ರದ್ದೇ. ಒಂದೇ ಅಂತಸ್ತಿನ, ಚೌಕಟ್ಟಿಲ್ಲದ ಮನೆಗೆ ಒಳ್ಳೆಯ ಗುಣಮಟ್ಟದ ಎಂಟಿಂಚಿನ ಸಾಲಿಡ್ ಬ್ಲಾಕ್ ಸಾಕಾಗುತ್ತದೆ. ಅಂಥ ಮನೆಗೆ ಕ್ಲೇ ಬ್ಲಾಕ್ ಬಳಸುವ ಸಲುವಾಗಿಯೇ ಕಾಲಂ ನಿಲ್ಲಿಸುವುದು ಖರ್ಚಿನ ದೃಷ್ಟಿಯಿಂದ ಅರ್ಥವಿಲ್ಲದ ಕೆಲಸ. ಹಾಗಾಗಿ ಮುಂದಿನ ಲೆಕ್ಕವೆಲ್ಲ ಚೌಕಟ್ಟಿನ ಕಟ್ಟಡಗಳಿಗೆ ಸಂಬಂಧಿಸಿದ್ದು.

ನೂರು ಚದರಡಿಯ ಲೆಕ್ಕ

ಹತ್ತು ಮಿಮೀ ಗಾರೆಯ ಸಂದು ಇಟ್ಟರೆ ಒಂದು ಚದರ ಮೀಟರ್ ಗೋಡೆಗೆ ಸುಮಾರು 11.6 ಬ್ಲಾಕ್, ನೂರು ಚದರಡಿಗೆ ಸುಮಾರು 108 ಬ್ಲಾಕ್ ಬೇಕು. ಅಳತೆ ಒಂದೇ ಆದ್ದರಿಂದ ಗಾರೆಯ ಪ್ರಮಾಣವೂ ಹೆಚ್ಚು ಕಡಿಮೆ ಒಂದೇ: ಎಂಟಿಂಚಿನ ಗೋಡೆಯಲ್ಲಿ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಮಿಶ್ರಣವಾದರೆ ನೂರು ಚದರಡಿಗೆ ಮುಕ್ಕಾಲು ಮೂಟೆಯ ಆಸುಪಾಸು ಸಿಮೆಂಟ್. ಕ್ಲೇ ಬ್ಲಾಕಿನಲ್ಲಿ ಗಾರೆ ತುಂಬಾ ಉಳಿಯುತ್ತದೆ ಎಂಬ ಮಾತು ಸಣ್ಣ ಇಟ್ಟಿಗೆಗೆ ಹೋಲಿಸಿದಾಗ ನಿಜ, ಅದೇ ಅಳತೆಯ ಕಾಂಕ್ರೀಟ್ ಬ್ಲಾಕಿಗೆ ಹೋಲಿಸಿದಾಗ ನಿಜವಲ್ಲ.

ವ್ಯತ್ಯಾಸ ಬರುವುದು ಬ್ಲಾಕಿನ ಬೆಲೆ, ಒಡೆತ ಮತ್ತು ತೂಕದಲ್ಲಿ. ಲೆಕ್ಕದ ರೀತಿ ತೋರಿಸಲಿಕ್ಕಾಗಿ ಎಂಟಿಂಚಿನ ಕಾಂಕ್ರೀಟ್ ಬ್ಲಾಕ್ 50 ರೂ., ಕ್ಲೇ ಬ್ಲಾಕ್ 80 ರೂ. ಎಂದು ಇಟ್ಟುಕೊಳ್ಳೋಣ, ನಿಮ್ಮ ಊರಿನಲ್ಲಿ ಲಾರಿ ಬಾಡಿಗೆ, ಇಳಿಸುವ ಕೂಲಿ, ತೆರಿಗೆ ಸೇರಿ ನಿವೇಶನಕ್ಕೆ ಬಂದು ಬೀಳುವ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು. ಕಾಂಕ್ರೀಟಿಗೆ ಶೇ. 2, ಕ್ಲೇಗೆ ಶೇ. 5 ಒಡೆತ ಹಿಡಿದರೆ ಕ್ರಮವಾಗಿ 110 ಮತ್ತು 113 ಬ್ಲಾಕ್ ತರಿಸಬೇಕಾಗುತ್ತದೆ. ಬೆಲೆ 5,500 ರೂ. ಮತ್ತು 9,040 ರೂ. ಅಂದರೆ ನೂರು ಚದರಡಿಗೆ 3,540 ರೂ. ಹೆಚ್ಚು. ಹೊರಗೋಡೆಗಳೆಲ್ಲ ಸೇರಿ 2,000 ಚದರಡಿ ಇರುವ ಎರಡು ಅಂತಸ್ತಿನ ಮನೆಗೆ ಈ ಹೆಚ್ಚುವರಿ ಸುಮಾರು 70,000 ರೂ. ಆಗುತ್ತದೆ. ಒಡೆತಕ್ಕೆ ಶೇ. 5 ಹಿಡಿದದ್ದು ಜಾಸ್ತಿಯಾಯಿತು ಎನ್ನಿಸಬಹುದು. ಆದರೆ ಲಾರಿಯಿಂದ ಇಳಿಸುವಾಗ ಎಸೆಯುವ ಅಭ್ಯಾಸ ಇರುವಲ್ಲಿ ಅದೂ ಸಾಲದೆ ಹೋಗಬಹುದು, ಮತ್ತು ಟೊಳ್ಳು ಬ್ಲಾಕಿನ ಚೂರು ಇಟ್ಟಿಗೆಯ ಚೂರಿನಂತೆ ಮೂಲೆಗೆ ತುಂಬಲು ಉಪಯೋಗಕ್ಕೆ ಬರುವುದಿಲ್ಲ.

ಈಗ ತೂಕ. ಎಂಟಿಂಚಿನ ಸಾಲಿಡ್ ಬ್ಲಾಕ್ ಒಂದು 30 ಕೆಜಿಗೂ ಸ್ವಲ್ಪ ಮೇಲೆ ತೂಗುತ್ತದೆ. ಅದೇ ಅಳತೆಯ ಕ್ಲೇ ಬ್ಲಾಕ್ ಹತ್ತರಿಂದ ಹನ್ನೊಂದು ಕೆಜಿ. ಗಾರೆ ಸೇರಿಸಿದರೆ ಒಂದು ಚದರ ಮೀಟರ್ ಗೋಡೆ, ಪ್ಲಾಸ್ಟರಿಗೆ ಮೊದಲು, ಒಂದು ಕಡೆ ಸುಮಾರು 390 ಕೆಜಿ, ಇನ್ನೊಂದು ಕಡೆ ಸುಮಾರು 150 ಕೆಜಿ. ಹತ್ತಡಿ ಎತ್ತರದ ಗೋಡೆಯಾದರೆ ಅದರ ಕೆಳಗಿನ ಬೀಮು ಪ್ರತಿ ಮೀಟರಿಗೆ ಮುಕ್ಕಾಲು ಟನ್ನಿಗೆ ಹತ್ತಿರದಷ್ಟು ಕಡಿಮೆ ಹೊರುತ್ತದೆ. ಮೇಲೆ ಹೇಳಿದ 2,000 ಚದರಡಿಗೆ ಒಟ್ಟು ಇಳಿಯುವ ಭಾರ ಸುಮಾರು 45 ಟನ್. ಭೂಕಂಪದ ಬಲವನ್ನು ಲೆಕ್ಕ ಹಾಕುವುದೂ ಕಟ್ಟಡದ ತೂಕದ ಮೇಲೆಯೇ ಆದ್ದರಿಂದ ಅದೂ ಅಷ್ಟರ ಮಟ್ಟಿಗೆ ಇಳಿಯುತ್ತದೆ.

ಕಂಬಿ ನಿಜವಾಗಿ ಉಳಿಯುತ್ತದೆಯೇ?

ಉಳಿಯುತ್ತದೆ, ಆದರೆ ಮಾರಾಟಗಾರರು ಹೇಳುವಷ್ಟು ಎಲ್ಲ ಮನೆಗಳಲ್ಲೂ ಅಲ್ಲ. ಕಂಬಿ ಕೆಜಿಗೆ 60 ರೂ. ಎಂದು ಹಿಡಿದರೆ, ಮೇಲಿನ 70,000 ರೂಪಾಯಿಯನ್ನು ಕಂಬಿಯಿಂದಲೇ ತುಂಬಿಕೊಳ್ಳಲು ಸುಮಾರು 1,170 ಕೆಜಿ ಉಳಿಯಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಚದರಡಿಗೆ ಮೂರೂವರೆಯಿಂದ ನಾಲ್ಕು ಕೆಜಿ ಕಂಬಿ ಹಿಡಿಯುವ ರೂಢಿಯಿದೆ. ಆ ಲೆಕ್ಕದಲ್ಲಿ 2,000 ಚದರಡಿ ವಿಸ್ತಾರದ ಮನೆಗೆ ಬೇಕಾಗುವುದೇ ಏಳೆಂಟು ಟನ್. ಅದರಲ್ಲಿ ಶೇ. 15ರಷ್ಟು ಗೋಡೆಯ ತೂಕ ಒಂದರಿಂದಲೇ ಇಳಿಯುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಚಿಕ್ಕ ಮನೆಯಲ್ಲಿ ಬೀಮು, ಕಾಲಂಗಳ ಅಳತೆಯನ್ನೂ ಕನಿಷ್ಠ ಕಂಬಿಯನ್ನೂ ಅನೇಕ ಕಡೆ ನಿಯಮವೇ ನಿಗದಿಮಾಡುತ್ತದೆ. ಭಾರ ಇಳಿದರೂ ಕಂಬಿ ಇಳಿಯುವುದಿಲ್ಲ. ಕಾಂಕ್ರೀಟ್, ಫುಟಿಂಗಿನ ಮಣ್ಣು ಅಗೆತ ಇವುಗಳಲ್ಲೂ ಸ್ವಲ್ಪ ಉಳಿಯಬಹುದು, ಆದರೂ ಎರಡು ಅಂತಸ್ತಿನ ಮನೆಯಲ್ಲಿ ಕ್ಲೇ ಬ್ಲಾಕ್ ತನ್ನ ಖರ್ಚನ್ನು ತಾನೇ ಪೂರ್ತಿ ದುಡಿಯುವುದು ಅಪರೂಪ. ಮೂರು, ನಾಲ್ಕು ಅಂತಸ್ತಿಗೆ ಹೋದಂತೆ ತಕ್ಕಡಿ ಕ್ಲೇ ಬ್ಲಾಕಿನತ್ತ ವಾಲುತ್ತದೆ, ಏಕೆಂದರೆ ಎಲ್ಲ ಅಂತಸ್ತುಗಳ ಗೋಡೆಯ ಭಾರ ಕೆಳಗಿನ ಕಾಲಂ ಮತ್ತು ಫುಟಿಂಗಿನ ಮೇಲೆ ಕೂಡುತ್ತಾ ಬರುತ್ತದೆ. ಕೆರೆಯಂಗಳದ ಪಕ್ಕದ ಸಡಿಲ ಮಣ್ಣು, ತುಂಬಿದ ಮಣ್ಣು ಅಥವಾ ಎರೆಮಣ್ಣಿನ ನಿವೇಶನವಾದರೆ ಫುಟಿಂಗಿನ ಖರ್ಚೇ ದೊಡ್ಡದಾದ್ದರಿಂದ ಎರಡು ಅಂತಸ್ತಿನಲ್ಲೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಇಂಜಿನಿಯರಿಗೆ ಎರಡು ಗೋಡೆಗಳ ತೂಕವನ್ನು ಬರೆದುಕೊಟ್ಟು, ಎರಡಕ್ಕೂ ಪ್ರತ್ಯೇಕವಾಗಿ ಕಂಬಿ ಮತ್ತು ಕಾಂಕ್ರೀಟಿನ ಪ್ರಮಾಣ ಕೇಳಿ. ತಂತ್ರಾಂಶದಲ್ಲಿ ಒಂದು ಸಂಖ್ಯೆ ಬದಲಿಸಿ ಮತ್ತೆ ಓಡಿಸುವ ಕೆಲಸವಿದು. ಇದಕ್ಕೆ ಅವರು ಸ್ವಲ್ಪ ಹೆಚ್ಚುವರಿ ಶುಲ್ಕ ಕೇಳಿದರೂ ಕೊಡುವುದು ಲಾಭವೇ. ಎರಡು ಪಟ್ಟಿಗಳ ವ್ಯತ್ಯಾಸವನ್ನು ಬ್ಲಾಕಿನ ವ್ಯತ್ಯಾಸದ ಎದುರು ಇಟ್ಟಾಗ ಬರುವ ಮೊತ್ತವೇ ನಿಮ್ಮ ಮನೆಯ ನಿಜವಾದ ಉತ್ತರ.

ಕೂಲಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಲೇಬರ್ ಕಾಂಟ್ರಾಕ್ಟ್ ಮಾತಾಗುವುದು ಚದರಕ್ಕೆ ಇಷ್ಟು ಎಂದು, ಅಂದರೆ ನೂರು ಚದರಡಿ ಕಟ್ಟಡದ ವಿಸ್ತಾರಕ್ಕೆ. ಹಗುರ ಬ್ಲಾಕನ್ನು ಎತ್ತುವುದು, ಮೇಲಂತಸ್ತಿಗೆ ಸಾಗಿಸುವುದು ಸುಲಭ. ನೂರು ಚದರಡಿ ಗೋಡೆಗೆ ಮೇಲೆ ಹೋಗಬೇಕಾದ ಬ್ಲಾಕುಗಳ ತೂಕ ಸುಮಾರು ಮೂರು ಟನ್ನಿಂದ ಒಂದು ಟನ್ನಿಗೆ ಇಳಿಯುತ್ತದೆ. ಆದರೆ ಚದರದ ದರ ಬದಲಾಗದಿದ್ದರೆ ಆ ಅನುಕೂಲ ಕಾಂಟ್ರಾಕ್ಟರಿಗೆ ಸೇರುತ್ತದೆಯೇ ಹೊರತು ಮನೆಯ ಯಜಮಾನನಿಗಲ್ಲ. ಬ್ಲಾಕ್ ಯಾವುದೆಂದು ತೀರ್ಮಾನಿಸಿದ ಮೇಲೆಯೇ ಕೂಲಿಯ ದರ ಮಾತಾಡಬೇಕು.

ತಂಪಿನ ಬೆಲೆ

ಕಾಂಕ್ರೀಟ್ ಶಾಖವನ್ನು ಬೇಗ ದಾಟಿಸುವ ವಸ್ತು. ಎರಡೂ ಬದಿ ಪ್ಲಾಸ್ಟರ್ ಆದ ಎಂಟಿಂಚಿನ ದಟ್ಟ ಕಾಂಕ್ರೀಟ್ ಗೋಡೆಯ ಯು-ಮೌಲ್ಯ (ಗೋಡೆಯ ಮೂಲಕ ಶಾಖ ದಾಟುವ ವೇಗದ ಅಳತೆ; ಕಡಿಮೆಯಾದಷ್ಟೂ ಒಳ್ಳೆಯದು) ಸುಮಾರು 3 ವಾಟ್ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ. ರಂಧ್ರಗಳಲ್ಲಿ ಗಾಳಿ ನಿಂತಿರುವ ಕ್ಲೇ ಬ್ಲಾಕ್ ಗೋಡೆಗೆ ತಯಾರಕರು ಇದರ ಅರ್ಧಕ್ಕಿಂತ ಕಡಿಮೆ ತೋರಿಸುತ್ತಾರೆ. ಕೊಳ್ಳುವ ಮೊದಲು ಆ ಪರೀಕ್ಷಾ ವರದಿಯನ್ನು ಕೇಳಿ ಪಡೆಯಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಸಾಲಿಡ್ ಬ್ಲಾಕ್ ಗೋಡೆಯ ಒಳಮೈಗೆ ಏಪ್ರಿಲ್ ತಿಂಗಳ ರಾತ್ರಿ ಎಂಟರ ಹೊತ್ತಿಗೆ ಅಂಗೈ ಇಟ್ಟು ನೋಡಿದರೆ ಈ ಸಂಖ್ಯೆಗಳ ಅರ್ಥ ತಿಳಿಯುತ್ತದೆ: ಹೊರಗೆ ಗಾಳಿ ತಣ್ಣಗಾಗಿದ್ದರೂ ಗೋಡೆ ಬೆಚ್ಚಗೇ ಇರುತ್ತದೆ, ಹಗಲು ಕುಡಿದ ಬಿಸಿಲನ್ನು ಮಲಗುವ ಕೋಣೆಗೆ ಬಿಡುತ್ತಿರುತ್ತದೆ.

ಆದರೂ ಈ ಲಾಭವನ್ನು ಊರು ನೋಡಿ ತೂಗಬೇಕು. ಬೆಂಗಳೂರು, ಮೈಸೂರು, ಹಾಸನಗಳಲ್ಲಿ ಎಸಿ ಇಲ್ಲದ ಮನೆಯಲ್ಲಿ ಕ್ಲೇ ಬ್ಲಾಕ್ ಕೊಡುವುದು ವರ್ಷದಲ್ಲಿ ಎರಡು ಮೂರು ತಿಂಗಳ ಆರಾಮವನ್ನು. ವಿದ್ಯುತ್ ಬಿಲ್ಲಿನಲ್ಲಿ ಅದು ಹೆಚ್ಚಾಗಿ ಕಾಣುವುದಿಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಕೂಲರ್, ಎಸಿ ತಿಂಗಳುಗಟ್ಟಲೆ ಓಡುವುದರಿಂದ ಅಲ್ಲಿ ಲಾಭ ನಿಜ. ಆದರೆ ಕುಣಿಗಲ್‌ನಿಂದ ಕಲಬುರಗಿಗೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ತೂಕದ ಲೆಕ್ಕದಲ್ಲಿ ಒಂದು ಲಾರಿ ಕಾಂಕ್ರೀಟಿನ ಮೂರು ಪಟ್ಟು ಕ್ಲೇ ಬ್ಲಾಕ್ ಹೊರಬಲ್ಲದು, ಆದರೆ ಅಷ್ಟರೊಳಗೆ ಲಾರಿಯ ತೊಟ್ಟಿ ತುಂಬಿಬಿಡಬಹುದು. ಮೇಲಾಗಿ ಅಷ್ಟು ದೂರದ ದಾರಿಯಲ್ಲಿ ಒಡೆತವೂ ಹೆಚ್ಚು. ಹೆಚ್ಚು ಬೇಕಾದ ಕಡೆಯಲ್ಲೇ ಹೆಚ್ಚು ದುಬಾರಿಯಾಗುವುದು ಈ ಬ್ಲಾಕಿನ ಹಣೆಬರಹ. ಕರಾವಳಿಯ ಮಾತು ಬೇರೆ. ಅಲ್ಲಿ ಈ ಎರಡನ್ನೂ ಕೆಂಪುಕಲ್ಲಿನ ಎದುರು ಇಟ್ಟು ನೋಡಬೇಕಾಗುತ್ತದೆ.

ಇನ್ನೊಂದು ವಿಚಾರವನ್ನು ಹಲವರು ಮರೆಯುತ್ತಾರೆ. ಒಂದೇ ಅಂತಸ್ತಿನ ಮನೆಗೆ ಬಿಸಿ ಬರುವುದು ಮುಖ್ಯವಾಗಿ ತಾರಸಿಯಿಂದ, ಆಮೇಲೆ ನೆರಳಿಲ್ಲದ ಪಶ್ಚಿಮದ ಕಿಟಕಿಗಳಿಂದ. ಹೆಚ್ಚುವರಿಯಾಗಿ ಖರ್ಚು ಮಾಡಲು ಒಂದಿಷ್ಟು ಹಣ ಇದೆ ಎಂದಾದರೆ ಅದನ್ನು ಮೊದಲು ತಾರಸಿಯ ಶಾಖನಿರೋಧಕ್ಕೆ, ಕಿಟಕಿಯ ಮೇಲಿನ ಸಜ್ಜಾಕ್ಕೆ ಹಾಕಿ, ಉಳಿದದ್ದನ್ನು ಗೋಡೆಗೆ ಹಾಕುವುದು ಸರಿ. ದೊಡ್ಡ ಕಟ್ಟಡಗಳಿಗೆ ಈ ವಿಚಾರದಲ್ಲಿ ಒಂದು ಅಳತೆಗೋಲೂ ಬಂದಿದೆ: ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರಡಿಸಿದ ಇಕೋ ನಿವಾಸ್ ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನದ ವಸತಿ ಕಟ್ಟಡಗಳಿಗೆ ತಾರಸಿ ಬಿಟ್ಟು ಉಳಿದ ಹೊರಮೈಯಿಂದ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವಾಟ್ ಎಂಬ ಮಿತಿ ಇಟ್ಟಿತು, ಸಾಲಿಡ್ ಬ್ಲಾಕಿನ ಗೋಡೆಯಲ್ಲಿ ಅದನ್ನು ಮುಟ್ಟುವುದು ಸುಲಭವಲ್ಲ.

ಶಬ್ದದ ವಿಷಯದಲ್ಲಿ ಮಾತ್ರ ಭಾರವೇ ಗುಣ. ಮುಖ್ಯರಸ್ತೆಗೆ ಅಂಟಿದ ಕೋಣೆಗೆ, ಪಕ್ಕದ ಮನೆಯೊಡನೆ ಹಂಚಿಕೊಂಡ ಗೋಡೆಗೆ ಸಾಲಿಡ್ ಬ್ಲಾಕನ್ನೇ ಆರಿಸುವುದು ಮೇಲು.

ಬಿರುಕು, ಗುಣಮಟ್ಟ ಮತ್ತು ನಿವೇಶನದಲ್ಲೇ ಮಾಡಬಹುದಾದ ಪರೀಕ್ಷೆಗಳು

ಕಾಂಕ್ರೀಟ್ ಬ್ಲಾಕ್ ಒಣಗುತ್ತಾ ಕುಗ್ಗುತ್ತದೆ. ಈ ಕುಗ್ಗುವಿಕೆ ಗೋಡೆ ಕಟ್ಟಿದ ಮೇಲೆ ಆದರೆ ಸಂದುಗಳ ಉದ್ದಕ್ಕೂ ಮೆಟ್ಟಿಲಿನಂತೆ ಇಳಿಯುವ ಬಿರುಕು ಕಾಣಿಸಿಕೊಳ್ಳುತ್ತದೆ, ಬಣ್ಣ ಹಚ್ಚಿದ ಮೇಲೂ ಮತ್ತೆ ಮತ್ತೆ ತೆರೆದುಕೊಳ್ಳುತ್ತದೆ. ಅದಕ್ಕೇ ಐಎಸ್ 2185 ಕನಿಷ್ಠ 14 ದಿನ ನೀರಿನ ಕ್ಯೂರಿಂಗ್ (ಒದ್ದೆಯಾಗಿಟ್ಟು ಗಟ್ಟಿಯಾಗಿಸುವುದು) ಆಗಬೇಕು, ಆಮೇಲೆ ನಾಲ್ಕು ವಾರ ಒಣಗಬೇಕು ಎನ್ನುತ್ತದೆ. ಬೇಡಿಕೆ ಇರುವ ದಿನಗಳಲ್ಲಿ ಅನೇಕ ಸಣ್ಣ ಘಟಕಗಳು ಇಷ್ಟು ಕಾಯುವುದಿಲ್ಲ. ಲಾರಿ ಬಂದಾಗ ಒಂದು ಬ್ಲಾಕನ್ನು ಒಡೆಸಿ ನೋಡಿ: ಹೊರಗೆ ತಿಳಿ ಬೂದು, ಒಳಗೆ ಕಡು ಬೂದು ತಿರುಳು ಇದ್ದರೆ ಬ್ಲಾಕ್ ಇನ್ನೂ ಹಸಿ. ಅದನ್ನು ನಿವೇಶನದಲ್ಲೇ ಸಂದು ಬಿಟ್ಟು ಪೇರಿಸಿ ಒಣಗಿಸಬೇಕು, ಇಲ್ಲವೇ ಹಿಂದೆ ಕಳಿಸಬೇಕು. ಮೊಳೆಯಿಂದ ಗೀರಿದಾಗ ಪುಡಿ ಧಾರಾಳವಾಗಿ ಉದುರಿದರೆ ಸಿಮೆಂಟ್ ಕಡಿಮೆ, ಕಲ್ಲುಪುಡಿ ಜಾಸ್ತಿ.

ಕ್ಲೇ ಬ್ಲಾಕ್ ಇದಕ್ಕೆ ತದ್ವಿರುದ್ಧ. ಗೂಡಿನಿಂದ ಬಂದ ಮೇಲೆ ತೇವ ಹೀರಿ ಅತಿ ಸ್ವಲ್ಪ ಹಿಗ್ಗುತ್ತದೆ, ಅದು ಮೊದಲ ವಾರಗಳಲ್ಲಿ ಬೇಗ, ಆಮೇಲೆ ತೀರಾ ನಿಧಾನವಾಗಿ ಆಗುತ್ತದೆ. ಹಾಗಾಗಿ ಕುಗ್ಗುವ ಬಿರುಕಿನ ಕಾಟ ಇದರಲ್ಲಿ ಕಡಿಮೆ, ಮತ್ತು ನನ್ನ ದೃಷ್ಟಿಯಲ್ಲಿ ತಂಪಿಗಿಂತಲೂ ಇದೇ ಇದರ ದೊಡ್ಡ ಲಾಭ. ತಟ್ಟಿದರೆ ಖಣ್ ಎನ್ನಬೇಕು; ಮಂಕಾದ ಸದ್ದು ಬಂದರೆ ಬೆಂದಿಲ್ಲ ಅಥವಾ ಒಳಗೆ ಸೀಳಿದೆ. ನೀರು ಹೀರುವ ಪರೀಕ್ಷೆಗೆ ಒಂದು ತಕ್ಕಡಿ, ಒಂದು ಡ್ರಮ್ಮು ಸಾಕು: ಚೆನ್ನಾಗಿ ಒಣಗಿದ ಬ್ಲಾಕನ್ನು ತೂಗಿ, 24 ಗಂಟೆ ಮುಳುಗಿಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಬೇಕು. ಕಾಂಕ್ರೀಟ್ ಬ್ಲಾಕಿಗೆ ಶೇ. 10, ಕ್ಲೇ ಬ್ಲಾಕಿಗೆ ಶೇ. 20 ಮಿತಿ. 31 ಕೆಜಿಯ ಸಾಲಿಡ್ ಬ್ಲಾಕ್ 34.1 ಕೆಜಿ ದಾಟಬಾರದು, ಹತ್ತೂವರೆ ಕೆಜಿಯ ಕ್ಲೇ ಬ್ಲಾಕ್ 12.6 ಕೆಜಿ ದಾಟಬಾರದು.

ಎರಡಕ್ಕೂ ಬೀಮು, ಕಾಲಂ ಸೇರುವ ಕಡೆ ಪ್ಲಾಸ್ಟರಿನ ಕೆಳಗೆ ಕೋಳಿಜಾಲಿ ಕಟ್ಟಲೇಬೇಕು, ನಾಲ್ಕಿಂಚಿನ ಗೋಡೆಗೆ ಸುಮಾರು ಮೂರಡಿಗೊಂದು ಕಾಂಕ್ರೀಟ್ ಪಟ್ಟಿ ಹಾಕಲೇಬೇಕು. ಕಟ್ಟುವ ಮುನ್ನ ಕ್ಲೇ ಬ್ಲಾಕನ್ನು ನೀರು ಚಿಮುಕಿಸಿ ತೇವ ಮಾಡಬೇಕು, ಇಲ್ಲದಿದ್ದರೆ ಅದು ಗಾರೆಯ ನೀರನ್ನು ಹೀರಿಬಿಡುತ್ತದೆ. ಕಾಂಕ್ರೀಟ್ ಬ್ಲಾಕನ್ನು ಹಾಗೆ ನೆನೆಸಬಾರದು, ನೆನೆಸಿದಷ್ಟೂ ಆಮೇಲೆ ಕುಗ್ಗುತ್ತದೆ. ಇಟ್ಟಿಗೆ ಕೆಲಸದಲ್ಲಿ ಪಳಗಿದ ಮೇಸ್ತ್ರಿಗಳು ಎರಡಕ್ಕೂ ಪೈಪು ಹಿಡಿಯುತ್ತಾರೆ. ಇದನ್ನು ನಿಂತು ಹೇಳಬೇಕಾಗುತ್ತದೆ.

ಕ್ಲೇ ಬ್ಲಾಕಿನ ಗುಪ್ತ ಖರ್ಚು ಇರುವುದು ಗೋಡೆ ಎದ್ದ ಮೇಲೆ. ವೈರಿಂಗ್ ಪೈಪಿಗೆ ಉಳಿ, ಸುತ್ತಿಗೆ ಹಿಡಿದರೆ ಹೊರಗಿನ ತೆಳು ಪದರ ಒಡೆದು, ಒಂದಿಂಚಿನ ಕಾಲುವೆಯ ಬದಲು ಅಂಗೈಯಗಲದ ಗುಂಡಿ ಆಗುತ್ತದೆ, ಆಮೇಲೆ ಅದನ್ನು ಗಾರೆಯಲ್ಲಿ ತುಂಬಬೇಕು. ಯಂತ್ರದಿಂದ ಎರಡು ಗೆರೆ ಕೊಯ್ದು ನಡುವಿನದನ್ನು ಮಾತ್ರ ತೆಗೆಯಬೇಕು. ಎಲೆಕ್ಟ್ರಿಷಿಯನ್ ಬಳಿ ಆ ಯಂತ್ರ ಇದೆಯೇ ಎಂದು ಮೊದಲೇ ಕೇಳಬೇಕು. ಗೀಸರ್, ಅಡುಗೆಮನೆಯ ಮೇಲಿನ ಕಪಾಟು, ಬಾಗಿಲ ಚೌಕಟ್ಟಿನ ಹೋಲ್ಡ್‌ಫಾಸ್ಟ್ ಇವು ಸಾಮಾನ್ಯ ಪ್ಲಗ್ಗಿನಲ್ಲಿ ನಿಲ್ಲುವುದಿಲ್ಲ: ಸ್ಕ್ರೂ ರಂಧ್ರದೊಳಗಿನ ಗಾಳಿಯಲ್ಲಿ ತಿರುಗುತ್ತಿರುತ್ತದೆ. ಟೊಳ್ಳು ಗೋಡೆಗೆಂದೇ ಇರುವ ಉದ್ದನೆಯ ನೈಲಾನ್ ಪ್ಲಗ್ ಅಥವಾ ಕೆಮಿಕಲ್ ಆಂಕರ್ (ಅಂಟಿನಿಂದ ಗೋಡೆಯಲ್ಲಿ ಕೂರುವ ಬೋಲ್ಟ್) ಬೇಕು. ಅದಕ್ಕಿಂತ ಅಗ್ಗದ ಉಪಾಯವೆಂದರೆ ಅಂಥ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಕಟ್ಟುವಾಗಲೇ ಅಲ್ಲಿ ಕಾಂಕ್ರೀಟ್ ತುಂಡುಗಳನ್ನು ಕೂರಿಸುವುದು. ಕಿಟಕಿಯ ಬದಿಯಲ್ಲಿ ತೆರೆದು ನಿಲ್ಲುವ ರಂಧ್ರಗಳನ್ನೂ ಮುಚ್ಚಬೇಕು.

ಎರಡನ್ನೂ ಬೆರೆಸುವುದು

ಎಲ್ಲ ಗೋಡೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಕಾಂಪೌಂಡ್, ಬಚ್ಚಲು ಮತ್ತು ನಲ್ಲಿಯ ಕೊಳವೆಗಳು ಹಾಯುವ ಗೋಡೆಗಳು, ರಸ್ತೆಯ ಬದಿ ಇವಕ್ಕೆ ಸಾಲಿಡ್ ಬ್ಲಾಕ್. ಪಶ್ಚಿಮ, ದಕ್ಷಿಣದ ಹೊರಗೋಡೆಗೆ ಮತ್ತು ಮೇಲಂತಸ್ತುಗಳಲ್ಲಿ ಕೆಳಗೆ ಗೋಡೆಯಿಲ್ಲದ ಕಡೆ ಬರುವ ನಾಲ್ಕಿಂಚಿನ ಒಳಗೋಡೆಗೆ ಕ್ಲೇ ಬ್ಲಾಕ್ ಎಂದು ಹಂಚಿದರೆ ಹೆಚ್ಚುವರಿ ಖರ್ಚು ಸಾಕಷ್ಟು ಇಳಿಯುತ್ತದೆ, ಲಾಭದ ಮುಖ್ಯ ಭಾಗ ಉಳಿಯುತ್ತದೆ. ಹೀಗೆ ಬೆರೆಸುವಾಗ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಬದಲಾಯಿಸುವುದು ಕಾಲಮ್ಮಿನ ಬಳಿ ಮಾತ್ರ ಆಗಬೇಕು. ಒಂದೇ ಗೋಡೆಯ ನಡುವೆ ಬದಲಾಯಿಸಿದರೆ, ಒಂದು ಕುಗ್ಗಿ ಇನ್ನೊಂದು ಹಿಗ್ಗುವ ಆ ಗೆರೆಯಲ್ಲೇ ಬಿರುಕು ಬಿಡುತ್ತದೆ. ಕಾಂಟ್ರಾಕ್ಟ್ ಪತ್ರದಲ್ಲಿ ಯಾವ ಗೋಡೆಗೆ ಯಾವ ಬ್ಲಾಕ್, ಎಷ್ಟು ದಪ್ಪ, ಒಡೆತದ ಮಿತಿ ಎಷ್ಟು, ಅದನ್ನು ಮೀರಿದ ಒಡೆತದ ಬೆಲೆ ಯಾರದು, ಹಸಿ ಬ್ಲಾಕಿನ ಲಾರಿಯನ್ನು ಹಿಂದೆ ಕಳಿಸಿದರೆ ಬಾಡಿಗೆ ಯಾರ ಲೆಕ್ಕ ಎಂಬುದನ್ನು ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಬೇಕು.